ಕೆಂಪು ಗೆರೆ ಯಾರ ಮಾತು ಕೇಳಬೇಕು? ಎಡಿಟರ್‌ಗೆ ಕಾಗುಣಿತ ಪರೀಕ್ಷಕ ಮತ್ತು ನಿಘಂಟು ಫೈಲ್ ಆರಿಸುವ ಬಗೆ

‘ಸಂಬಂದ’ ಎಂಬ ಪದ ನಾನು ಬರೆಯಲು, ತಿದ್ದಲು ಬಳಸುವ ಪ್ರೋಗ್ರಾಂ, ಅಂದರೆ ನನ್ನ ಎಡಿಟರ್‌ನಲ್ಲಿ ಸುಮಾರು ಎಂಟು ತಿಂಗಳು ಸರಿಯಾದ ಪದವಾಗಿಯೇ ಬಾಳಿತು. ತಪ್ಪು ನನ್ನದೇ. ವಿಮ್ ಎಂಬ ಆ ಎಡಿಟರ್‌ನಲ್ಲಿ ಕರ್ಸರ್ ಆ ಪದದ ಮೇಲಿತ್ತು, ಕೆಳಗೆ ಕೆಂಪು ಗೆರೆ ಇತ್ತು. ಸಲಹೆಗಳ ಪಟ್ಟಿ ಬೇಕಿದ್ದರೆ ಝಡ್ ಒತ್ತಿ ಸಮ ಚಿಹ್ನೆ ಒತ್ತಬೇಕು. ನಾನು ಆತುರದಲ್ಲಿ ಝಡ್ ಒತ್ತಿ ಜಿ ಒತ್ತಿದೆ. ಅದರ ಅರ್ಥ ‘ಇದು ಒಳ್ಳೆಯ ಪದ, ನಿಘಂಟಿಗೆ ಸೇರಿಸು’ ಅಂತ. ಗೆರೆ ಮಾಯವಾಯಿತು. ಸರಿಹೋಯಿತು ಅಂದುಕೊಂಡು ಮುಂದಕ್ಕೆ ಹೋದೆ. ಕೊನೆಗೊಂದು ದಿನ ಕರಡು ತಿದ್ದುತ್ತಿದ್ದ ಗೆಳೆಯರೊಬ್ಬರು ಕೇಳಿದರು: ‘ಏನ್ರೀ, ನಿಮ್ಮ ಮಹಾಪ್ರಾಣ ಎಲ್ಲಿ ಹೋಯ್ತು?’

ಆ ಪದ ಎಲ್ಲಿ ಕೂತಿದೆ ಎಂದು ಹುಡುಕಲು ಹೊರಟೆ. ಆಗ ಗೊತ್ತಾಗಿದ್ದು, ನನ್ನ ಹತ್ತಿರ ಮೂರು ಸ್ವಂತ ನಿಘಂಟುಗಳಿದ್ದವು. ವಿಮ್ ಬರೆದುಕೊಂಡದ್ದು ಒಂದು. ಈಮ್ಯಾಕ್ಸ್ ಎಂಬ ಎಡಿಟರ್ ಆಸ್ಪೆಲ್ ಎಂಬ ಕಾಗುಣಿತ ಪರೀಕ್ಷಕದ ಮೂಲಕ ಬರೆದದ್ದು ಇನ್ನೊಂದು. ವಿಎಸ್ ಕೋಡ್ ಎಂಬ ಮೂರನೆಯ ಎಡಿಟರ್‌ನ ಸೆಟ್ಟಿಂಗ್ಸ್ ಫೈಲಿನೊಳಗೆ ಬಳ್ಳಿಯ ಹಾಗೆ ಬೆಳೆದದ್ದು ಮತ್ತೊಂದು. ಒಂದಕ್ಕೆ ಕಲಿಸಿದ್ದು ಇನ್ನೊಂದಕ್ಕೆ ಗೊತ್ತಿಲ್ಲ. ಒಂದೇ ಹೆಸರನ್ನು ಮೂರು ಸಲ ‘ಸೇರಿಸು’ ಎಂದು ಒತ್ತಿದ್ದೆ.

ಹಾಗಾಗಿ ಈಗ ಯಾರಾದರೂ ‘ಯಾವ ಎಡಿಟರ್‌ನಲ್ಲಿ ಸ್ಪೆಲ್ ಚೆಕ್ ಚೆನ್ನಾಗಿದೆ’ ಎಂದು ಕೇಳಿದರೆ ನಾನು ತಿರುಗಿ ಕೇಳುವುದು ಇದು: ನೀವು ಕಲಿಸುವ ಪದಗಳು ಯಾವ ಫೈಲಿಗೆ ಹೋಗಬೇಕು, ಆ ಫೈಲನ್ನು ಯಾರ್ಯಾರು ಓದಬೇಕು? ಇದಕ್ಕೆ ಉತ್ತರ ಸಿಕ್ಕರೆ ಉಳಿದ ಆಯ್ಕೆಗಳು ಬೇಗ ಮುಗಿಯುತ್ತವೆ. ಈ ಲೇಖನದಲ್ಲಿ ಹೋಲಿಸುವುದೆಲ್ಲ ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ.

ಮೊದಲು ಯಾವುದು ಏನು

ಕೆಂಪು ಗೆರೆಯ ಹಿಂದೆ ಮೂರು ಬೇರೆ ಬೇರೆ ವಸ್ತುಗಳಿವೆ. ಪದವನ್ನು ಒರೆಗೆ ಹಚ್ಚುವ ಎಂಜಿನ್ ಒಂದು. ಭಾಷೆಯ ಮುಖ್ಯ ನಿಘಂಟು ಎರಡನೆಯದು. ಇದು ಬೇರೆಯವರು ಮಾಡಿಕೊಟ್ಟದ್ದು, ಇದನ್ನು ನೀವು ಮುಟ್ಟಬಾರದು. ಏಕೆಂದರೆ ಮುಂದಿನ ಅಪ್‌ಡೇಟ್‌ನಲ್ಲಿ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ. ಮೂರನೆಯದು ನಿಮ್ಮ ಸ್ವಂತ ಪದಪಟ್ಟಿ. ನೀವು ‘ಸೇರಿಸು’ ಒತ್ತಿದಾಗಲೆಲ್ಲ ಬೆಳೆಯುವುದು ಇದೇ.

ಎಂಜಿನ್ ಬದಲಾಯಿಸುವುದು ಒಂದು ಸಾಲಿನ ಕೆಲಸ. ಮುಖ್ಯ ನಿಘಂಟು ಮತ್ತೆ ಇಳಿಸಿಕೊಳ್ಳಬಹುದು. ಸ್ವಂತ ಪಟ್ಟಿ ಕಳೆದುಹೋದರೆ ಮಾತ್ರ ಯಾರೂ ತಂದುಕೊಡುವುದಿಲ್ಲ.

ಹನ್‌ಸ್ಪೆಲ್, ಆಸ್ಪೆಲ್, ಎನ್‌ಚಾಂಟ್

ಇವತ್ತು ನೀವು ನೋಡುವ ಕೆಂಪು ಗೆರೆಗಳಲ್ಲಿ ಬಹುಪಾಲು ಹನ್‌ಸ್ಪೆಲ್‌ನದು. ಲಿಬ್ರೆಆಫೀಸ್, ಫೈರ್‌ಫಾಕ್ಸ್, ಕ್ರೋಮ್ ಎಲ್ಲದರ ಒಳಗೂ ಅದೇ ಇದೆ. ಇದನ್ನು ಲಾಸ್ಲೋ ನೇಮೆತ್ ಹಂಗೇರಿಯನ್ ಭಾಷೆಗಾಗಿ ಕಟ್ಟಿದರು. ಹೆಸರಿನ ಮೊದಲ ತುಂಡು ಅಲ್ಲಿಂದಲೇ ಬಂದದ್ದು. ನಮಗೆ ಇದು ಸುಮ್ನೆ ಇತಿಹಾಸ ಅಲ್ಲ. ಹಂಗೇರಿಯನ್ ಕೂಡ ಕನ್ನಡದ ಹಾಗೆ ಪದದ ಬಾಲಕ್ಕೆ ಪ್ರತ್ಯಯ ಅಂಟಿಸಿಕೊಂಡು ಹೋಗುವ ಭಾಷೆ. ‘ಮನೆ’ ಒಂದು ಪದ. ಮನೆಗೆ, ಮನೆಯಿಂದ, ಮನೆಯಲ್ಲಿ, ಮನೆಗಳಲ್ಲಿಯೂ, ಮನೆಯಲ್ಲಿದ್ದವರಿಗೂ — ಇವನ್ನೆಲ್ಲ ಒಂದೊಂದಾಗಿ ಪಟ್ಟಿಗೆ ಬರೆಯಲು ಕೂತರೆ ಜನ್ಮ ಸಾಲದು. ನಿಯಮ ಬೇಕು.

ಹನ್‌ಸ್ಪೆಲ್ ನಿಘಂಟು ಅಂದರೆ ಎರಡು ಫೈಲ್‌ಗಳ ಜೋಡಿ. ಹೆಸರಿನ ಕೊನೆಗೆ ‘ಡಿಕ್’ ಇರುವ ಫೈಲಿನಲ್ಲಿ ಪದಗಳು, ‘ಆಫ್’ ಇರುವ ಫೈಲಿನಲ್ಲಿ ಪ್ರತ್ಯಯದ ನಿಯಮಗಳು. ಆ ಕೊನೆ ಬಿಟ್ಟರೆ ಎರಡರ ಹೆಸರೂ ಒಂದೇ ಇರಬೇಕು, ಒಂದೇ ಫೋಲ್ಡರ್‌ನಲ್ಲಿರಬೇಕು. ಪುಟ್ಟ ಡಿಕ್ ಫೈಲ್ ಹೀಗಿರುತ್ತದೆ:

4
ಮನೆ/1
ಕೆರೆ/1
ಊರು/2
ಮರ/3

ಮೊದಲ ಸಾಲಿನ 4 ಅಂದರೆ ಎಷ್ಟು ಪದಗಳಿವೆ ಎಂಬ ಅಂದಾಜು. ಲೆಕ್ಕ ಒಂದೆರಡು ಹೆಚ್ಚುಕಡಿಮೆ ಆದರೆ ತೊಂದರೆ ಇಲ್ಲ. ಆದರೆ ಆ ಸಾಲೇ ಇಲ್ಲದಿದ್ದರೆ ಹನ್‌ಸ್ಪೆಲ್ ತಕರಾರು ತೆಗೆಯುತ್ತದೆ. ಕೈಯಲ್ಲಿ ನಿಘಂಟು ಮಾಡುವವರು ಮೊದಲು ಎಡವುವುದು ಇಲ್ಲೇ. ಓರೆಗೆರೆಯ ಆಚೆಗಿನ ಅಂಕಿ ಆಫ್ ಫೈಲಿನ ನಿಯಮದ ಗುರುತು. ಒಂದನೆಯ ನಿಯಮ ಪದವನ್ನು ಹಾಗೇ ಬಿಟ್ಟು ಗೆ, ಯಲ್ಲಿ, ಯಿಂದ, ಯನ್ನು ಜೋಡಿಸಲಿ. ಎರಡನೆಯದು ಕೊನೆಯ ಉಕಾರ ಕಳಚಿ ಊರಿಗೆ, ಊರಿನಲ್ಲಿ, ಊರಿನಿಂದ, ಊರನ್ನು ಮಾಡಲಿ. ಮೂರನೆಯದು ಮರಕ್ಕೆ, ಮರದಲ್ಲಿ, ಮರದಿಂದ, ಮರವನ್ನು ಕೊಡಲಿ. ನಾಲ್ಕು ಸಾಲಿನಿಂದ ಇಪ್ಪತ್ತು ರೂಪಗಳು ಸಿಕ್ಕವು.

ಇನ್ನೂ ಇದೆ. ಹನ್‌ಸ್ಪೆಲ್ ಒಂದು ಪ್ರತ್ಯಯದ ಮೇಲೆ ಇನ್ನೊಂದು ಪ್ರತ್ಯಯವನ್ನೂ ಒಪ್ಪುತ್ತದೆ. ‘ಮನೆಯಲ್ಲಿ’ ಆದ ಮೇಲೆ ‘ಮನೆಯಲ್ಲೂ’, ‘ಮನೆಯಲ್ಲೇ’ ಬರಬೇಕಾದರೆ ಯಲ್ಲಿ ಎಂಬ ಪ್ರತ್ಯಯಕ್ಕೇ ಇನ್ನೊಂದು ಗುರುತು ಹಾಕಿದರಾಯಿತು. ಇದರ ಹಿಂದಿನ ಮೈಸ್ಪೆಲ್‌ನಲ್ಲಿ ಈ ಸೌಲಭ್ಯ ಇರಲಿಲ್ಲ. ಆದರೂ ಎರಡು ಪದರ ಕನ್ನಡಕ್ಕೆ ಕಡಿಮೆಯೇ. ‘ಮನೆಗಳಲ್ಲಿದ್ದವರಿಗೂ’ ಬಂದರೆ ನಾಲ್ಕೈದು ತುಂಡು. ಅಂಥಲ್ಲಿ ಒಂದೇ ನಿಯಮದಲ್ಲಿ ಉದ್ದನೆಯ ಬಾಲವನ್ನೇ ಬರೆದಿಡಬೇಕಾಗುತ್ತದೆ. ಅದಕ್ಕೇ ಕನ್ನಡ ಬರಹದಲ್ಲಿ ಸರಿಯಾದ ಪದಕ್ಕೂ ಆಗಾಗ ಕೆಂಪು ಗೆರೆ ಬೀಳುತ್ತದೆ. ಎಡಿಟರ್ ಬದಲಾಯಿಸಿದರೆ ಅದು ಹೋಗುವುದಿಲ್ಲ.

ಆಸ್ಪೆಲ್ ಕೆವಿನ್ ಅಟ್ಕಿನ್ಸನ್ ಅವರ ಕೆಲಸ. ಅದರ ಬಲ ಇರುವುದು ಸಲಹೆಗಳಲ್ಲಿ. ಪದ ಕಿವಿಗೆ ಹೇಗೆ ಕೇಳುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಹತ್ತಿರದ ಪದ ಹುಡುಕುತ್ತದೆ. ಇಂಗ್ಲಿಷನ್ನು ಉಚ್ಚಾರಣೆಯ ಮೇಲೆ ಅಂದಾಜು ಮಾಡಿ ಬರೆಯುವವರಿಗೆ ಇದರಿಂದ ನಿಜವಾಗಿಯೂ ಅನುಕೂಲ. ಎಚ್‌ಟಿಎಂಎಲ್, ಟೆಕ್ ಥರದ, ಬರಹದ ವಿನ್ಯಾಸ ಹೇಳುವ ಗುರುತುಗಳನ್ನು ದಾಟಿ ಬರಹವನ್ನಷ್ಟೇ ನೋಡುವ ಫಿಲ್ಟರ್‌ಗಳೂ ಅದರಲ್ಲಿವೆ. 2019ರ 0.60.8 ಆವೃತ್ತಿಯಲ್ಲಿ ಮಾರ್ಕ್‌ಡೌನ್ ಫಿಲ್ಟರ್ ಕೂಡ ಸೇರಿತು. ಪ್ರತ್ಯಯ ನಿಯಮ ಅದಕ್ಕೂ ಗೊತ್ತು, ಆದರೆ ಹನ್‌ಸ್ಪೆಲ್‌ನಷ್ಟು ಆಳಕ್ಕೆ ಇಳಿಯುವುದಿಲ್ಲ. ಇನ್ನೊಂದು ಮಿತಿ: ಒಂದು ಸಲಕ್ಕೆ ಒಂದೇ ಭಾಷೆ.

ನನ್ನ ತೀರ್ಮಾನ ಹೀಗಿದೆ. ಬರೀ ಇಂಗ್ಲಿಷ್ ಗದ್ಯ ಬರೆಯುವವರಿಗೆ ಆಸ್ಪೆಲ್ ಈಗಲೂ ಒಳ್ಳೆಯದೇ. ಕನ್ನಡ ಇದ್ದರೆ, ಅಥವಾ ಎರಡು ಭಾಷೆ ಬೆರೆತರೆ ಹನ್‌ಸ್ಪೆಲ್. ಎರಡಕ್ಕೂ ಕನ್ನಡ ನಿಘಂಟು ಇದೆ. ಆದರೆ ನೀವೇ ನಿಯಮ ಸೇರಿಸಿ ಬೆಳೆಸಬೇಕೆಂದರೆ ಜಾಗ ಹೆಚ್ಚಿರುವುದು ಹನ್‌ಸ್ಪೆಲ್‌ನಲ್ಲೇ. ಹಳೆಯ ಐಸ್ಪೆಲ್ ಎಲ್ಲಾದರೂ ಸಿಕ್ಕರೆ ಬಿಟ್ಟುಬಿಡಿ, ಅದು ಯುನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) ಕಾಲದ್ದಲ್ಲ.

ಎನ್‌ಚಾಂಟ್ ಸ್ವತಃ ಎಂಜಿನ್ ಅಲ್ಲ, ಮಧ್ಯವರ್ತಿ. ಎಡಿಟರ್ ಅದನ್ನು ಕೇಳುತ್ತದೆ, ಅದು ಹನ್‌ಸ್ಪೆಲ್ ಅಥವಾ ಆಸ್ಪೆಲ್ ಅನ್ನು ಕೇಳುತ್ತದೆ. ಯಾವ ಭಾಷೆಗೆ ಯಾರನ್ನು ಮೊದಲು ಕೇಳಬೇಕು ಎಂಬುದನ್ನು ಒಂದು ಪುಟ್ಟ ಫೈಲಿನಲ್ಲಿ ಬರೆದಿಡಬಹುದು. ನನಗೆ ಇದರಲ್ಲಿ ಇಷ್ಟವಾಗುವುದು ಸ್ವಂತ ಪಟ್ಟಿ. ಸಾಲಿಗೊಂದು ಪದ, ಅಷ್ಟೇ. ತಲೆಬರಹ ಇಲ್ಲ, ಗುರುತು ಇಲ್ಲ. ಜಿಎಡಿಟ್ ಥರದ ಎಡಿಟರ್‌ಗಳು ಇದನ್ನೇ ಬಳಸುವುದರಿಂದ ಒಂದು ಕಡೆ ಕಲಿಸಿದ್ದು ಇನ್ನೊಂದು ಕಡೆಗೂ ಬರುತ್ತದೆ.

ವಿಮ್: ಎಲ್ಲ ಒಳಗೇ ಇದೆ, ಆದರೆ ಅದರ ದಾರಿಯೇ ಬೇರೆ

ವಿಮ್‌ಗೆ 2006ರ 7.0 ಆವೃತ್ತಿಯಿಂದಲೇ ಸ್ವಂತ ಕಾಗುಣಿತ ಪರೀಕ್ಷಕ ಇದೆ. ಹೊರಗಿನ ಯಾವ ಪ್ರೋಗ್ರಾಮೂ ಬೇಡ. ಸ್ಪೆಲ್ ಆಯ್ಕೆ ಆನ್ ಮಾಡಿ, ಸ್ಪೆಲ್‌ಲ್ಯಾಂಗ್‌ನಲ್ಲಿ ಭಾಷೆ ಹೇಳಿದರೆ ಸಾಕು. ಅಲ್ಪವಿರಾಮ ಹಾಕಿ ಎರಡು ಭಾಷೆ ಕೊಟ್ಟರೆ, ಎರಡರಲ್ಲಿ ಯಾವುದರಲ್ಲಿ ಇದ್ದರೂ ಪದ ಪಾಸು. ಮುಂದಿನ ತಪ್ಪಿಗೆ ಹೋಗಲು ಬಲ ಚೌಕ ಕಂಸ ಮತ್ತು ಎಸ್. ವೇಗ ಬೇಕಾದಷ್ಟಿದೆ.

ಆದರೆ ವಿಮ್ ಡಿಕ್ ಮತ್ತು ಆಫ್ ಫೈಲ್‌ಗಳನ್ನು ನೇರವಾಗಿ ಓದುವುದಿಲ್ಲ. ಎಂಕೆಸ್ಪೆಲ್ ಎಂಬ ಆಜ್ಞೆ ಕೊಟ್ಟು ಅವನ್ನು ಅದರದೇ ‘ಎಸ್‌ಪಿಎಲ್’ ಫೈಲ್ ಆಗಿ ಬದಲಾಯಿಸಬೇಕು. ಪ್ರತ್ಯಯಗಳನ್ನೆಲ್ಲ ಆಗಲೇ ಬಿಡಿಸಿ ಗಂಟು ಕಟ್ಟಿ ಇಟ್ಟುಕೊಳ್ಳುತ್ತದೆ. ಕನ್ನಡದಂಥ ಭಾಷೆಗೆ ಈ ಬದಲಾವಣೆ ಸ್ವಲ್ಪ ಹೊತ್ತು ತಿನ್ನಬಹುದು. ಒಮ್ಮೆ ಆದ ಮೇಲೆ ನೆಮ್ಮದಿ.

ಸ್ವಂತ ಪಟ್ಟಿಯ ವಿಷಯದಲ್ಲಿ ವಿಮ್ ನನಗೆ ಎಲ್ಲಕ್ಕಿಂತ ಮೇಲು. ಸ್ಪೆಲ್‌ಫೈಲ್ ಎಂಬ ಆಯ್ಕೆಯಲ್ಲಿ ಒಂದಕ್ಕಿಂತ ಹೆಚ್ಚು ಫೈಲ್‌ಗಳನ್ನು ಕೊಡಬಹುದು. ಮೊದಲನೆಯದು ನನ್ನದು, ಎರಡನೆಯದು ಪ್ರಾಜೆಕ್ಟಿನದು. ಝಡ್ ಜಿ ಒತ್ತಿದರೆ ಪದ ನನ್ನ ಫೈಲಿಗೆ. ಮೊದಲು 2 ಒತ್ತಿ ಆಮೇಲೆ ಝಡ್ ಜಿ ಒತ್ತಿದರೆ ಪ್ರಾಜೆಕ್ಟಿನ ಫೈಲಿಗೆ. ಒಂದು ಅಂಕಿಯಲ್ಲಿ ಕೆಲಸ ಮುಗಿಯಿತು. ಝಡ್ ಡಬ್ಲ್ಯೂ ಅದರ ತದ್ವಿರುದ್ಧ, ‘ಇದು ತಪ್ಪು ಪದ’ ಎಂದು ಗುರುತು ಹಾಕುತ್ತದೆ. ಝಡ್ ಯು ಜಿ ಒತ್ತಿದರೆ ಸೇರಿಸಿದ್ದು ರದ್ದು. ಇದನ್ನು ನಾನು ಎಂಟು ತಿಂಗಳ ಹಿಂದೆಯೇ ಕಲಿತಿರಬೇಕಿತ್ತು.

ಒಂದು ಮುಳ್ಳು ಇದೆ. ಪದಪಟ್ಟಿಯ ಫೈಲ್ ‘ಆ್ಯಡ್’ ಎಂದು ಕೊನೆಯಾಗುತ್ತದೆ, ಅದು ಸಾದಾ ಬರಹ. ಆದರೆ ವಿಮ್ ಓದುವುದು ಅದರ ಪಕ್ಕದಲ್ಲಿ ತಯಾರಾದ ಎಸ್‌ಪಿಎಲ್ ಫೈಲನ್ನು. ಝಡ್ ಜಿ ಒತ್ತಿದಾಗ ಎರಡೂ ಹೊಸದಾಗುತ್ತವೆ. ನೀವೇ ಆ್ಯಡ್ ಫೈಲ್ ತೆರೆದು ಪದ ಬರೆದರೆ, ಅಥವಾ ಗಿಟ್‌ನಿಂದ (ತಂಡದವರು ಫೈಲ್‌ಗಳ ಬದಲಾವಣೆಗಳನ್ನು ಹಂಚಿಕೊಳ್ಳುವ ವ್ಯವಸ್ಥೆ) ಬೇರೆಯವರ ಪದಗಳನ್ನು ಎಳೆದುಕೊಂಡರೆ, ಎಸ್‌ಪಿಎಲ್ ಹಳೆಯದೇ ಉಳಿಯುತ್ತದೆ. ಪದ ಫೈಲಿನಲ್ಲಿ ಕಾಣುತ್ತದೆ, ಗೆರೆ ಮಾತ್ರ ಹೋಗುವುದಿಲ್ಲ. ಎಂಕೆಸ್ಪೆಲ್ ಅನ್ನು ಆಶ್ಚರ್ಯ ಚಿಹ್ನೆಯೊಂದಿಗೆ ಇನ್ನೊಮ್ಮೆ ಓಡಿಸಿದರೆ ಸರಿಹೋಗುತ್ತದೆ. ಈ ಕಾರಣಕ್ಕೇ ಎಸ್‌ಪಿಎಲ್ ಫೈಲನ್ನು ಗಿಟ್‌ಗೆ ಹಾಕಬೇಡಿ, ಆ್ಯಡ್ ಫೈಲನ್ನು ಮಾತ್ರ ಹಾಕಿ.

ಈಮ್ಯಾಕ್ಸ್: ಯಾರನ್ನು ಬೇಕಾದರೂ ಕರೆಯಬಹುದು

ಈಮ್ಯಾಕ್ಸ್ ಹೊರಗಿನ ಪ್ರೋಗ್ರಾಮನ್ನು ಕರೆದು ಕೇಳುತ್ತದೆ. ಏನೂ ಹೇಳದಿದ್ದರೆ ಮೊದಲು ಹುಡುಕುವುದು ಆಸ್ಪೆಲ್ ಅನ್ನೇ. ಹನ್‌ಸ್ಪೆಲ್ ಹಾಕಿಕೊಂಡು, ಅದೇ ಓಡುತ್ತಿದೆ ಎಂದು ನಂಬಿ, ಕನ್ನಡ ನಿಘಂಟು ಯಾಕೆ ಸಿಗುತ್ತಿಲ್ಲ ಎಂದು ತಲೆ ಕೆರೆದುಕೊಂಡವರು ಕಡಿಮೆ ಇಲ್ಲ. ಐಸ್ಪೆಲ್ ಪ್ರೋಗ್ರಾಂ ನೇಮ್ ಎಂಬ ಚರದಲ್ಲಿ (ವೇರಿಯಬಲ್) ಹನ್‌ಸ್ಪೆಲ್ ಎಂದು ಬಾಯಿಬಿಟ್ಟು ಹೇಳಿ.

ಫ್ಲೈಸ್ಪೆಲ್ ಮೋಡ್ ಬರೆಯುತ್ತಿರುವಾಗ ಗೆರೆ ಎಳೆಯುತ್ತದೆ. ಅದಕ್ಕೊಂದು ತಮ್ಮನಿದ್ದಾನೆ, ಫ್ಲೈಸ್ಪೆಲ್ ಪ್ರೋಗ್ ಮೋಡ್. ಇದು ಕೋಡ್‌ನಲ್ಲಿ ಕಮೆಂಟು ಮತ್ತು ಉದ್ಧರಣೆಯೊಳಗಿನ ಬರಹವನ್ನು ಮಾತ್ರ ನೋಡುತ್ತದೆ. ಚರಗಳ ಹೆಸರಿಗೆಲ್ಲ ಗೆರೆ ಬಿದ್ದು ಕಣ್ಣು ಉರಿಯುವುದು ತಪ್ಪುತ್ತದೆ. ಹೊಸ ದಾರಿ ಬೇಕೆಂದರೆ ಜಿಂಕ್ಸ್ ಪ್ಯಾಕೇಜ್ ಇದೆ. ಅದು ಎನ್‌ಚಾಂಟ್ ಮೂಲಕ, ಪರದೆಯ ಮೇಲೆ ಕಾಣುವ ಭಾಗವನ್ನಷ್ಟೇ ನೋಡುತ್ತದೆ, ಹಾಗಾಗಿ ದೊಡ್ಡ ಫೈಲಿನಲ್ಲೂ ಹಗುರ.

ಎರಡು ಭಾಷೆ ಒಟ್ಟಿಗೆ ಬೇಕಾದರೆ ಹನ್‌ಸ್ಪೆಲ್‌ಗೆ ‘ಮಲ್ಟಿ ಡಿಕ್’ ಸೇರಿಸುವ ಕರೆ ಇದೆ. ಅದಕ್ಕೆ ಮೊದಲು ಸ್ಪೆಲ್‌ಚೆಕರ್ ಪ್ಯಾರಾಮ್ಸ್ ಹೊಂದಿಸುವ ಕರೆ ಬರಲೇಬೇಕು. ಕ್ರಮ ಹಿಂದುಮುಂದಾದರೆ ಒಪ್ಪುವುದಿಲ್ಲ.

ಈಮ್ಯಾಕ್ಸ್‌ನ ಒಂದು ಹಳೆಯ ಸೌಲಭ್ಯ ನನಗೆ ತುಂಬಾ ಇಷ್ಟ. ಫೈಲಿನ ಕೊನೆಯಲ್ಲಿ ‘ಲೋಕಲ್‌ವರ್ಡ್ಸ್’ ಎಂಬ ಸಾಲು ಬರೆದು, ಆ ಫೈಲಿಗಷ್ಟೇ ಒಪ್ಪಿಗೆಯಾಗುವ ಪದಗಳನ್ನು ಅಲ್ಲೇ ಇಡಬಹುದು. ಒಂದೇ ಲೇಖನದಲ್ಲಿ ಬಂದು ಹೋಗುವ ವಿಚಿತ್ರ ಹೆಸರುಗಳಿಗೆ ಜೀವಮಾನದ ನಿಘಂಟಿನಲ್ಲಿ ಜಾಗ ಯಾಕೆ ಕೊಡಬೇಕು, ಅಲ್ವಾ?

ವಿಎಸ್ ಕೋಡ್: ತಂಡಕ್ಕೆ ಒಳ್ಳೆಯದು, ಕನ್ನಡ ಗದ್ಯಕ್ಕೆ ಅಷ್ಟಲ್ಲ

ಇದರೊಳಗೆ ಕಾಗುಣಿತ ಪರೀಕ್ಷಕ ತಾನಾಗಿ ಬರುವುದಿಲ್ಲ, ಎಕ್ಸ್‌ಟೆನ್ಷನ್ ಹಾಕಿಕೊಳ್ಳಬೇಕು. ಜಾಸ್ತಿ ಜನ ಹಾಕುವುದು ಕೋಡ್ ಸ್ಪೆಲ್ ಚೆಕರ್, ಅಂದರೆ ಸಿಸ್ಪೆಲ್. ಹೆಸರೇ ಹೇಳುವ ಹಾಗೆ ಇದು ಕೋಡ್‌ಗೆ ಹುಟ್ಟಿದ್ದು. ಎರಡು ಮೂರು ಪದ ಅಂಟಿಸಿ, ನಡುವೆ ದೊಡ್ಡಕ್ಷರ ಹಾಕಿ ಮಾಡಿದ ಚರದ ಹೆಸರನ್ನು ಬಿಡಿಸಿ, ತುಂಡು ತುಂಡಾಗಿ ನೋಡುತ್ತದೆ. ನಾಲ್ಕಕ್ಷರಕ್ಕಿಂತ ಚಿಕ್ಕ ತುಂಡುಗಳನ್ನು ಸುಮ್ಮನೆ ಬಿಡುತ್ತದೆ. ಪ್ರೋಗ್ರಾಮಿಂಗ್ ಭಾಷೆಗಳ ಪದಗಳನ್ನು ಮೊದಲೇ ಕಲಿತುಕೊಂಡು ಬರುತ್ತದೆ.

ಇಲ್ಲಿ ‘ಸೇರಿಸು’ ಒತ್ತಿದರೆ ಎಲ್ಲಿಗೆ ಎಂದು ಕೇಳುತ್ತದೆ. ಬಳಕೆದಾರರ ಸೆಟ್ಟಿಂಗ್ಸಿಗೋ, ಈ ಪ್ರಾಜೆಕ್ಟಿನ ಸೆಟ್ಟಿಂಗ್ಸಿಗೋ, ಸಿಸ್ಪೆಲ್‌ನ ಸ್ವಂತ ಕಾನ್ಫಿಗ್ (ಹೊಂದಾಣಿಕೆಗಳ) ಫೈಲಿಗೋ. ಜಾಸ್ತಿ ಜನ ಸೆಟ್ಟಿಂಗ್ಸ್ ಎಂದು ಒತ್ತಿಬಿಡುತ್ತಾರೆ. ನಾನೂ ಒತ್ತಿದ್ದೆ. ಫಾಂಟ್ ಗಾತ್ರದ ಸಾಲಿನ ಪಕ್ಕದಲ್ಲಿ ಮುನ್ನೂರು ಪದಗಳ ಸಾಲು ನಿಲ್ಲುತ್ತದೆ. ಆ ಫೈಲ್ ಬೇರೆ ಯಾವ ಪರೀಕ್ಷಕಕ್ಕೂ ಅರ್ಥವಾಗುವುದಿಲ್ಲ. ಇದಕ್ಕಿಂತ ಒಳ್ಳೆಯ ದಾರಿ: ಪ್ರಾಜೆಕ್ಟಿನಲ್ಲಿ ಒಂದು ಸಾದಾ ಪದಪಟ್ಟಿ ಫೈಲ್ ಮಾಡಿ, ಅದನ್ನು ಸಿಸ್ಪೆಲ್ ಕಾನ್ಫಿಗ್‌ನಲ್ಲಿ ನಿಘಂಟು ಎಂದು ಘೋಷಿಸಿ, ‘ಪದ ಸೇರಿಸಬಹುದು’ ಎಂಬ ಗುರುತು ಕೊಡಿ. ಆಮೇಲೆ ಸೇರಿಸಿದ ಪದಗಳು ಆ ಫೈಲಿಗೇ ಹೋಗುತ್ತವೆ. ಇದೇ ಕಾನ್ಫಿಗ್ ಕಮಾಂಡ್ ಲೈನಿನಲ್ಲೂ ಓಡುತ್ತದೆ. ಕೋಡ್ ಸೇರಿಸುವಾಗ ಸರ್ವರ್‌ನಲ್ಲಿ ತಾನಾಗಿ ಪರೀಕ್ಷೆ ಆಗಬೇಕು ಎನ್ನುವ ತಂಡಗಳಿಗೆ ಇದಕ್ಕಿಂತ ಸರಳ ದಾರಿ ನನಗೆ ಕಂಡಿಲ್ಲ.

ಕನ್ನಡ ಗದ್ಯ ಬರೆಯಲು ಮಾತ್ರ ನಾನು ಇದನ್ನು ಆರಿಸುವುದಿಲ್ಲ. ಅಲ್ಲಿಗೆ ಹನ್‌ಸ್ಪೆಲ್ ಬಳಸುವ ಸ್ಪೆಲ್ ರೈಟ್ ಎಂಬ ಎಕ್ಸ್‌ಟೆನ್ಷನ್ ಹತ್ತಿರದ್ದು.

ಉಳಿದವು

ಸಬ್ಲೈಮ್ ಟೆಕ್ಸ್ಟ್‌ನಲ್ಲಿ ಎಫ್6 ಒತ್ತಿದರೆ ಪರೀಕ್ಷೆ ಶುರು. ಒಳಗಿರುವುದು ಹನ್‌ಸ್ಪೆಲ್ ನಿಘಂಟುಗಳೇ. ಒಂದು ಷರತ್ತು ಇದೆ: ನಿಘಂಟು ಫೈಲ್ ಯುಟಿಎಫ್-8ರಲ್ಲಿ (ಯುನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ಒಂದು ಬಗೆ, ಅಂದರೆ ಎನ್‌ಕೋಡಿಂಗ್) ಇರಬೇಕು. ಹಳೆಯ ಓಪನ್‌ಆಫೀಸ್ ನಿಘಂಟುಗಳಲ್ಲಿ ಎಷ್ಟೋ ಹಾಗಿಲ್ಲ, ಬದಲಾಯಿಸಿ ಹಾಕಬೇಕು. ಬದಲಾಯಿಸುವಾಗ ಆಫ್ ಫೈಲಿನ ಮೇಲ್ಗಡೆ ಇರುವ ಎನ್‌ಕೋಡಿಂಗ್ ಸಾಲನ್ನೂ ತಿದ್ದಲು ಮರೆಯಬೇಡಿ. ನೀವು ಸೇರಿಸಿದ ಪದಗಳು ಇಲ್ಲೂ ಸೆಟ್ಟಿಂಗ್ಸ್ ಫೈಲಿಗೆ ಹೋಗುತ್ತವೆ. ನನಗೆ ಇದು ಹಿಡಿಸದ ವಿಷಯ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ಗೆ ಡಿಸ್ಪೆಲ್‌ಚೆಕ್ ಪ್ಲಗಿನ್ ಇದೆ, ಅದೂ ಹನ್‌ಸ್ಪೆಲ್. ಕೇಟ್ ಎಡಿಟರ್ ಸಾನೆಟ್ ಎಂಬ ಮಧ್ಯವರ್ತಿಯನ್ನು ಬಳಸುತ್ತದೆ.

ಲಿಬ್ರೆಆಫೀಸ್ ಸಾದಾ ಎಡಿಟರ್ ಅಲ್ಲ, ಆದರೂ ಹೆಸರಿಸಬೇಕು. ಅದರ ಸ್ವಂತ ಪದಪಟ್ಟಿಯ ಬಾಲವೂ ‘ಡಿಕ್’. ಹೆಸರು ಒಂದೇ, ಒಳಗಿನ ರಚನೆ ಬೇರೆ. ಅಲ್ಲಿ ಮೇಲ್ಗಡೆ ನಾಲ್ಕಾರು ಸಾಲಿನ ತಲೆಬರಹ ಇರುತ್ತದೆ, ಪದಸಂಖ್ಯೆ ಇರುವುದಿಲ್ಲ. ಅದನ್ನು ಎತ್ತಿಕೊಂಡು ಹೋಗಿ ಹನ್‌ಸ್ಪೆಲ್ ನಿಘಂಟಿನ ಜಾಗದಲ್ಲಿಟ್ಟರೆ ಕೆಲಸ ಕೆಡುತ್ತದೆ.

ಸರಿ ಪಟ್ಟಿಯೋ, ತಪ್ಪು ಪಟ್ಟಿಯೋ

ಇಲ್ಲಿಯವರೆಗೆ ಹೇಳಿದ್ದೆಲ್ಲ ‘ಪಟ್ಟಿಯಲ್ಲಿ ಇಲ್ಲದ್ದು ತಪ್ಪು’ ಎನ್ನುವ ಪರೀಕ್ಷಕಗಳು. ಇದಕ್ಕೆ ಉಲ್ಟಾ ಬಗೆಯೂ ಇದೆ. ಕೋಡ್‌ಸ್ಪೆಲ್ ಎಂಬ ಸಲಕರಣೆಯ ಹತ್ತಿರ ಇರುವುದು ಜನ ಸಾಮಾನ್ಯವಾಗಿ ಮಾಡುವ ತಪ್ಪುಗಳ ಪಟ್ಟಿ. ಎಡಗಡೆ ತಪ್ಪು, ಬಾಣದ ಗುರುತು, ಬಲಗಡೆ ಸರಿ. ಆ ಪಟ್ಟಿಯಲ್ಲಿ ಇರುವುದು ಕಂಡರೆ ಮಾತ್ರ ಬಾಯಿ ತೆರೆಯುತ್ತದೆ. ಇಲ್ಲದಿದ್ದರೆ ಮೌನ.

ದೊಡ್ಡ ಹಳೆಯ ಪ್ರಾಜೆಕ್ಟಿಗೆ ಮೊದಲ ಸಲ ಪರೀಕ್ಷೆ ತರುವುದಾದರೆ ನಾನು ಇದರಿಂದಲೇ ಶುರು ಮಾಡುತ್ತೇನೆ. ಸಿಸ್ಪೆಲ್ ಮೊದಲ ದಿನ ಸಾವಿರಾರು ಗೆರೆ ಎಳೆದು ಎಲ್ಲರನ್ನೂ ಹೆದರಿಸುತ್ತದೆ. ಕೋಡ್‌ಸ್ಪೆಲ್ ಕೈಬೆರಳೆಣಿಕೆಯ ತಪ್ಪು ತೋರಿಸುತ್ತದೆ, ಅವು ಬಹುತೇಕ ನಿಜವಾದ ತಪ್ಪುಗಳೇ ಆಗಿರುತ್ತವೆ. ಕನ್ನಡಕ್ಕೂ ಈ ಬಗೆ ಚೆನ್ನಾಗಿ ಹೊಂದುತ್ತದೆ. ಪ್ರತ್ಯಯಗಳ ಗೋಜಲು ಬಿಟ್ಟು ಪ್ರಶಸ್ಥಿ, ಸಂಬಂದ, ವಿದ್ಯಾರ್ತಿ, ಅಭಿನಂಧನೆ ಎಂಬ ಬುಡಗಳ ಒಂದು ಪಟ್ಟಿ ಮಾಡಿ ಎಡಿಟರ್‌ನ ಹುಡುಕಾಟಕ್ಕೆ ಕೊಟ್ಟರೂ ಅರ್ಧ ಕೆಲಸ ಆಯಿತು. ‘ಪ್ರಶಸ್ಥಿಯನ್ನು’ ಎಂಬುದರಲ್ಲೂ ‘ಪ್ರಶಸ್ಥಿ’ ಸಿಕ್ಕೇ ಸಿಗುತ್ತದೆ. ನನ್ನ ಪಟ್ಟಿಯಲ್ಲಿ ಈಗ ಎಪ್ಪತ್ತು ಚಿಲ್ಲರೆ ಬುಡಗಳಿವೆ. ಅರ್ಧಕ್ಕರ್ಧ ಮಹಾಪ್ರಾಣದ್ದೇ.

ದೊಡ್ಡ ನಿಘಂಟು ಒಳ್ಳೆಯದಾ?

ಇಂಗ್ಲಿಷ್ ನಿಘಂಟು ಇಳಿಸಿಕೊಳ್ಳುವಾಗ ಸಾಮಾನ್ಯ, ದೊಡ್ಡದು ಎಂದು ಎರಡು ಸಿಗುತ್ತವೆ. ಕೈ ತಾನಾಗಿ ದೊಡ್ಡದರ ಕಡೆ ಹೋಗುತ್ತದೆ. ತಡೆಯಿರಿ. ಜೇಮ್ಸ್ ಪೀಟರ್ಸನ್ 1986ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಬೆರಳು ತಪ್ಪಿ ಬಂದ ಪದ ಇನ್ನೊಂದು ‘ಸರಿಯಾದ’ ಪದವೇ ಆಗಿಬಿಟ್ಟರೆ ಪರೀಕ್ಷಕಕ್ಕೆ ಅದು ಕಾಣುವುದಿಲ್ಲ. ಹೀಗೆ ತಪ್ಪಿಸಿಕೊಳ್ಳುವ ತಪ್ಪುಗಳು ಚಿಕ್ಕ ಪಟ್ಟಿಯಲ್ಲಿ ಸುಮಾರು 2%. ಪಟ್ಟಿ 3,50,000 ಪದಕ್ಕೆ ಏರಿದರೆ ಹತ್ತಿರ ಹತ್ತಿರ 16%. ಯಾರೂ ಬಳಸದ ಅಪರೂಪದ ಪದಗಳು ನಿಮ್ಮ ತಪ್ಪಿಗೆ ಅಡಗಿಕೊಳ್ಳಲು ಜಾಗ ಕೊಡುತ್ತವೆ ಅಷ್ಟೇ.

ಸ್ವಂತ ಪಟ್ಟಿಗೂ ಇದೇ ಮಾತು. ಸಾಧ್ಯವಾದಷ್ಟು ಚಿಕ್ಕದಿರಲಿ. ಒಂದು ವಿಷಯದ ಪದಗಳು ಬೇಕಾದರೆ ಬೇರೆ ಫೈಲ್ ಮಾಡಿ, ಬೇಕಾದಾಗ ಮಾತ್ರ ಜೋಡಿಸಿ. ಹನ್‌ಸ್ಪೆಲ್ ಇದಕ್ಕೆ ಅನುಕೂಲ ಮಾಡಿಕೊಟ್ಟಿದೆ. ಮುಖ್ಯ ನಿಘಂಟಿನ ಹೆಸರಾದ ಮೇಲೆ ಅಲ್ಪವಿರಾಮ ಹಾಕಿ, ಆಫ್ ಫೈಲ್ ಇಲ್ಲದ ಬರೀ ಡಿಕ್ ಫೈಲನ್ನೂ ಕೊಡಬಹುದು.

ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ

ಕನ್ನಡ ಪದ ಸರಿಯಾಗಿದೆ, ನಿಘಂಟಿನಲ್ಲೂ ಇದೆ, ಆದರೂ ಕೆಂಪು ಗೆರೆ. ಇದು ಆದಾಗ ಮೊದಲು ಅನುಮಾನಿಸಬೇಕಾದ್ದು ಯುನಿಕೋಡ್.

‘ಕೊ’ ಅಕ್ಷರವನ್ನು ನೋಡಿ. ಕಕಾರಕ್ಕೆ ಒತ್ವದ ಒಂದೇ ಗುರುತು ಹಾಕಿ ಬರೆಯಬಹುದು. ಕಕಾರಕ್ಕೆ ಎತ್ವ, ಅದಾದ ಮೇಲೆ ಕೊಂಬಿನ ದೀರ್ಘ ಹಾಕಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ. ‘ಕೋ’ ಬಂದರೆ ಇದು ಮೂರು ತುಂಡಿನವರೆಗೂ ಹೋಗುತ್ತದೆ. ಯುನಿಕೋಡ್ ಪ್ರಕಾರ ಇವು ಸಮಾನ. ಆದರೆ ಪದಪಟ್ಟಿಯಲ್ಲಿ ಹುಡುಕುವ ಪ್ರೋಗ್ರಾಂ ಕೋಡ್‌ಗಳನ್ನು ಹೋಲಿಸಿದರೆ ಇವು ಬೇರೆ ಬೇರೆ ಪದಗಳೇ. ಬೇರೆ ಕೀಬೋರ್ಡ್‌ನಿಂದ, ಬೇರೆ ಕಡೆಯಿಂದ ಅಂಟಿಸಿದ ಬರಹದಲ್ಲಿ ಇದು ಬರುತ್ತದೆ. ಹನ್‌ಸ್ಪೆಲ್‌ನ ಆಫ್ ಫೈಲಿನಲ್ಲಿ ಐಕಾನ್ವ್ ಎಂಬ ಕೋಷ್ಟಕ ಬರೆದು, ಒಳಗೆ ಬರುವಾಗಲೇ ತುಂಡುಗಳನ್ನು ಒಂದಾಗಿಸಬಹುದು.

ಇನ್ನೊಂದು ಕಾಣದ ಅಕ್ಷರದ ಕಾಟ. ‘ಸರ್ವರ್‌ನಲ್ಲಿ’ ಎಂದು ಬರೆಯುವಾಗ ರ್ ಮತ್ತು ನ ಒತ್ತಕ್ಷರವಾಗಿ ಅಂಟಿಕೊಳ್ಳದಿರಲಿ ಎಂದು ನಡುವೆ ಕಾಣದ ಬೇರ್ಪಡಿಸುವ ಅಕ್ಷರ ಕೂರುತ್ತದೆ. ‘ರ‍್ಯಾಂಕ್’ ಬರೆಯಲು ಅದರ ಸೋದರ ಕೂಡಿಸುವ ಅಕ್ಷರ ಬೇಕು, ಇಲ್ಲದಿದ್ದರೆ ‘ರ್ಯಾಂಕ್’ ಎಂದು ಅರ್ಕಾವೊತ್ತು ಬರುತ್ತದೆ. ಕೆಲವು ಎಡಿಟರ್‌ಗಳು ಈ ಕಾಣದ ಅಕ್ಷರ ಸಿಕ್ಕಲ್ಲೇ ಪದ ಮುಗಿಯಿತು ಎಂದುಕೊಂಡು ‘ನಲ್ಲಿ’ಯನ್ನು ಬೇರೆ ಪದ ಮಾಡಿಬಿಡುತ್ತವೆ. ಗೆರೆ ಪದದ ಅರ್ಧಕ್ಕೆ ಮಾತ್ರ ಬಿದ್ದಿದ್ದರೆ ಇದೇ ಕಾರಣ. ಹನ್‌ಸ್ಪೆಲ್‌ನ ಆಫ್ ಫೈಲಿನಲ್ಲಿ ‘ಇಗ್ನೋರ್’ ಸಾಲಿಗೆ ಈ ಅಕ್ಷರ ಸೇರಿಸಿದರೆ, ಅದು ಇದ್ದರೂ ಇಲ್ಲದಿದ್ದರೂ ಪದ ಒಂದೇ ಎಂದು ಎಣಿಸುತ್ತದೆ. ಬೇರ್ಪಡಿಸುವ ಅಕ್ಷರಕ್ಕೆ ಇದು ನನಗೆ ಒಪ್ಪಿಗೆ. ಕೂಡಿಸುವ ಅಕ್ಷರಕ್ಕೆ ಮಾಡಬೇಡಿ. ಮಾಡಿದರೆ ‘ರ್ಯಾಂಕ್’ ಕೂಡ ಪಾಸಾಗುತ್ತದೆ.

ಸ್ವಂತ ಪಟ್ಟಿಯನ್ನು ಹೇಗೆ ಇಡುವುದು

ಎಲ್ಲ ಎಡಿಟರ್‌ಗೂ ಒಂದೇ ಫೈಲ್ ಎಂಬ ಕನಸು ಪೂರ್ತಿ ನನಸಾಗುವುದಿಲ್ಲ. ಆಸ್ಪೆಲ್‌ಗೆ ಮೊದಲ ಸಾಲಿನಲ್ಲಿ ಭಾಷೆ ಮತ್ತು ಎನ್‌ಕೋಡಿಂಗ್ ಹೇಳುವ ತಲೆಬರಹ ಬೇಕು. ತಪ್ಪು ಪದ ಎನ್ನಲು ವಿಮ್‌ನಲ್ಲಿ ಪದದ ಕೊನೆಗೆ ಓರೆಗೆರೆ ಮತ್ತು ಆಶ್ಚರ್ಯ ಚಿಹ್ನೆ, ಸಿಸ್ಪೆಲ್‌ನಲ್ಲಿ ಪದದ ಆರಂಭಕ್ಕೆ ಆಶ್ಚರ್ಯ ಚಿಹ್ನೆ, ಹನ್‌ಸ್ಪೆಲ್‌ನ ಸ್ವಂತ ಪಟ್ಟಿಯಲ್ಲಿ ಆರಂಭಕ್ಕೆ ನಕ್ಷತ್ರ. ನಾನು ಮಾಡಿಕೊಂಡಿರುವುದು ಇಷ್ಟೇ: ಸಾಲಿಗೊಂದು ಪದ ಇರುವ ಒಂದು ಸಾದಾ ಫೈಲ್, ಯುಟಿಎಫ್-8, ಅಕಾರಾದಿಯಾಗಿ ಜೋಡಿಸಿದ್ದು. ಅದೇ ಮೂಲ. ಉಳಿದ ಎಡಿಟರ್‌ಗಳ ಫೈಲ್‌ಗಳನ್ನು ನಾಲ್ಕು ಸಾಲಿನ ಸ್ಕ್ರಿಪ್ಟ್ ಇದರಿಂದ ತಯಾರಿಸುತ್ತದೆ.

ಹನ್‌ಸ್ಪೆಲ್ ಮಾತ್ರ ಬಳಸುವವರಿಗೆ ಸ್ವಂತ ಪಟ್ಟಿಯಲ್ಲಿ ಒಂದು ಉಪಾಯ ಇದೆ. ‘ಬ್ರೌಸರ್/ಕಂಪ್ಯೂಟರ್’ ಎಂದು ಬರೆದರೆ, ಕಂಪ್ಯೂಟರ್ ಪದಕ್ಕೆ ಯಾವ್ಯಾವ ಪ್ರತ್ಯಯ ಹತ್ತುತ್ತದೋ ಅವೆಲ್ಲ ಬ್ರೌಸರ್‌ಗೂ ಹತ್ತುತ್ತವೆ. ಮಾದರಿ ಪದ ಮುಖ್ಯ ನಿಘಂಟಿನಲ್ಲಿ ಇರಬೇಕು, ಕೊನೆಯಕ್ಷರ ಒಂದೇ ಥರ ಇರಬೇಕು. ಹತ್ತು ರೂಪ ಸೇರಿಸುವ ಬದಲು ಒಂದು ಸಾಲು.

ತಂಡದಲ್ಲಿ ಒಂದೇ ಪಟ್ಟಿಗೆ ನಾಲ್ವರು ಪದ ಸೇರಿಸಿದರೆ ಗಿಟ್‌ನಲ್ಲಿ ದಿನವೂ ಜಗಳ. ಗಿಟ್ ಆ್ಯಟ್ರಿಬ್ಯೂಟ್ಸ್ ಫೈಲಿನಲ್ಲಿ ಆ ಪಟ್ಟಿಗೆ ಮರ್ಜ್ ಯೂನಿಯನ್ ಎಂದು ಹೇಳಿಬಿಡಿ. ಇಬ್ಬರ ಸಾಲುಗಳನ್ನೂ ಇಟ್ಟುಕೊಳ್ಳುತ್ತದೆ. ಎರಡೆರಡು ಸಲ ಬಂದ ಪದಗಳನ್ನು ಮುಂದಿನ ಸಲ ಜೋಡಿಸುವಾಗ ತೆಗೆದರಾಯಿತು.

ಈಗ ಆರಿಸಿ

ಒಬ್ಬರೇ ಕನ್ನಡ ಮತ್ತು ಇಂಗ್ಲಿಷ್ ಬೆರೆಸಿ ಬರೆಯುವವರು, ಕೀಬೋರ್ಡ್ ಬಿಟ್ಟು ಕೈ ಎತ್ತದವರು: ವಿಮ್, ಎರಡು ಸ್ಪೆಲ್‌ಫೈಲ್. ಅದು ಕಷ್ಟ ಎನಿಸಿದರೆ ಎನ್‌ಚಾಂಟ್ ಬಳಸುವ ಯಾವುದಾದರೂ ಸಾದಾ ಎಡಿಟರ್. ತಂಡದಲ್ಲಿ ಕೋಡ್ ಬರೆಯುವವರು: ಸಿಸ್ಪೆಲ್, ಆದರೆ ಪದಗಳು ಸೆಟ್ಟಿಂಗ್ಸಿಗೆ ಬೇಡ, ಪ್ರಾಜೆಕ್ಟಿನ ಫೈಲಿಗೆ. ಹಳೆಯ ದೊಡ್ಡ ಪ್ರಾಜೆಕ್ಟಾದರೆ ಮೊದಲು ಕೋಡ್‌ಸ್ಪೆಲ್. ಇಂಗ್ಲಿಷ್ ಮಾತ್ರ, ಈಮ್ಯಾಕ್ಸ್ ಮಾತ್ರ ಎಂದರೆ ಆಸ್ಪೆಲ್ ಬಿಟ್ಟು ಬೇರೆ ಹುಡುಕುವ ಕಾರಣ ಇಲ್ಲ.

ಯಾವುದನ್ನೇ ಹಾಕಿದರೂ, ಹಾಕಿದ ಕೂಡಲೇ ಒಂದು ಖಾಲಿ ಫೈಲ್ ತೆರೆದು ಬೇಕಂತಲೇ ನಾಲ್ಕು ಪದ ಬರೆಯಿರಿ. ಒಂದು ಸರಿಯಾದದ್ದು, ಒಂದು ತಪ್ಪು, ಒಂದು ನಿಮ್ಮ ಸ್ವಂತ ಪಟ್ಟಿಯದು, ಒಂದು ಕಾಣದ ಅಕ್ಷರ ಇರುವಂಥದ್ದು. ಗೆರೆ ಬೀಳಬೇಕಾದ್ದು ಎರಡನೆಯದಕ್ಕೆ ಮಾತ್ರ. ಯಾವುದಕ್ಕೂ ಬೀಳದಿದ್ದರೆ ಖುಷಿಪಡಬೇಡಿ, ನಿಘಂಟು ಲೋಡ್ ಆಗಿರುವುದಿಲ್ಲ. ನಾನು ಈಗಲೂ ಹೊಸ ಕಂಪ್ಯೂಟರ್‌ನಲ್ಲಿ ಇದನ್ನು ಮಾಡುತ್ತೇನೆ. ಎರಡನೆಯ ಪದವಾಗಿ ಬರೆಯುವುದು ‘ಸಂಬಂದ’.